ಹುಚ್ಚಿನ ನೆಪ ಎಂಬ ನೆಪ

2025ರ ಏಪ್ರಿಲ್ 20ರ ಭಾನುವಾರ ನಿವೃತ್ತ ಪೊಲೀಸ್ ಮಹಾನಿರ್ದೇಶಕ ಓಂ ಪ್ರಕಾಶ್ ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟಿನ ತಮ್ಮ ಮನೆಯಲ್ಲೇ ಕೊಲೆಯಾದರು. ಮಗನ ದೂರಿನ ಮೇಲೆ ಪತ್ನಿಯನ್ನು ಬಂಧಿಸಿದರು, ತನಿಖೆ ಸಿಸಿಬಿಗೆ ಹೋಯಿತು. ಆಕೆಗೆ ಮೊದಲಿನಿಂದ ಮಾನಸಿಕ ಕಾಯಿಲೆ ಇತ್ತಂತೆ ಎಂಬ ಸುದ್ದಿ ಬಂದದ್ದೇ ತಡ, ಊರೆಲ್ಲ ಒಂದೇ ಮಾತು: "ಶುರುವಾಯ್ತು ನೋಡಿ ಹುಚ್ಚಿನ ನಾಟಕ. ಇನ್ನು ಕೇಸು ಮುಗಿದಂಗೆ." ಆ ಪ್ರಕರಣದ ಸತ್ಯ ಏನೆಂದು ಹೇಳಬೇಕಾದದ್ದು ನ್ಯಾಯಾಲಯ. ಆರೋಪ ಹೊತ್ತವರನ್ನು ನಾನು ಅಪರಾಧಿಯೆಂದೂ ಕರೆಯುತ್ತಿಲ್ಲ, ರೋಗಿಯೆಂದೂ ಕರೆಯುತ್ತಿಲ್ಲ. ನನ್ನ ತಕರಾರು ಊರಿನ ಆ ಮಾತಿನ ಮೇಲೆ.

ಮನೆಯೊಳಗಿನ ಕೊಲೆಯೊಂದು ಸುದ್ದಿಯಾದಾಗಲೆಲ್ಲ ಪೀಣ್ಯದ ಟೀ ಅಂಗಡಿಯಿಂದ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಕ್ಲಬ್‌ಹೌಸ್‌ವರೆಗೆ ಈ ಮಾತು ಓಡಾಡುತ್ತದೆ. ಹೇಳುವವರು ಕೆಟ್ಟವರೇನಲ್ಲ. ಸತ್ತವರ ಬಗ್ಗೆ ಸಂಕಟವಾಗಿ ಹೇಳುತ್ತಾರೆ. ಆದರೆ ಸಂಕಟದಲ್ಲಿ ಆಡಿದ ಮಾತು ಸತ್ಯವಾಗಿರಲೇಬೇಕೆಂದಿಲ್ಲ. ಅವರ ವಾದಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ. ಕೆಲವಕ್ಕೆ ಉತ್ತರ ಸುಲಭ. ಒಂದನ್ನು ಮಾತ್ರ ನಾನು ಅರ್ಧ ಒಪ್ಪಿಕೊಳ್ಳಲೇಬೇಕು.

"ಕೊಂದವರೆಲ್ಲ ಹುಚ್ಚಿನ ನೆಪ ಹೇಳಿ ಪಾರಾಗುತ್ತಾರೆ." ಎಲ್ಲಿ ಪಾರಾಗುತ್ತಾರೆ, ಸ್ವಾಮಿ? ಅಮೆರಿಕದ ಎಂಟು ರಾಜ್ಯಗಳನ್ನು ಹಿಡಿದು 1991ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನವೊಂದಿದೆ. ಗಂಭೀರ ಅಪರಾಧಗಳ ನೂರು ಪ್ರಕರಣಗಳಲ್ಲಿ ಸುಮಾರು ಒಂದರಲ್ಲಿ ಮಾತ್ರ ಈ ವಾದ ಎತ್ತಿದ್ದರು. ಎತ್ತಿದವರಲ್ಲಿ ಗೆದ್ದವರು ಕಾಲು ಭಾಗದಷ್ಟು. ನಮ್ಮ ದೇಶದ ಹೈಕೋರ್ಟುಗಳ ಒಂದು ದಶಕದ 102 ತೀರ್ಪುಗಳನ್ನು ಮನೋವೈದ್ಯರ ತಂಡವೊಂದು ಓದಿ 2019ರಲ್ಲಿ ಲೆಕ್ಕ ಪ್ರಕಟಿಸಿತು. ವಾದ ಗೆದ್ದದ್ದು ನೂರಕ್ಕೆ ಹದಿನೇಳು ಹದಿನೆಂಟರಲ್ಲಿ. ಅಂದರೆ ಹೈಕೋರ್ಟಿನವರೆಗೂ ಈ ವಾದವನ್ನು ಹೊತ್ತೊಯ್ದವರಲ್ಲಿ ಐವರಿಗೆ ಒಬ್ಬರೂ ಗೆದ್ದಿಲ್ಲ. ಇದನ್ನು ರಾಜಮಾರ್ಗ ಎನ್ನುವವರು ಆ ದಾರಿಯಲ್ಲಿ ಹೋಗಿ ನೋಡಿದವರಲ್ಲ.

ಯಾಕೆ ಇಷ್ಟು ಕಷ್ಟ? ಕಾನೂನಿನ ಬಾಗಿಲೇ ಅಷ್ಟು ಕಿರಿದು. ಹಳೆಯ ಭಾರತೀಯ ದಂಡ ಸಂಹಿತೆಯ 84ನೇ ಕಲಂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ, ಎರಡೂ ಕೇಳುವುದು ಒಂದನ್ನೇ. ಕೃತ್ಯ ನಡೆದ ಆ ಹೊತ್ತಿನಲ್ಲಿ, ಚಿತ್ತ ಸ್ವಸ್ಥವಿಲ್ಲದ ಕಾರಣಕ್ಕೆ, ತಾನು ಮಾಡುತ್ತಿರುವುದು ಏನೆಂದು, ಇಲ್ಲವೇ ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂದು ತಿಳಿಯುವ ಶಕ್ತಿಯೇ ಆ ವ್ಯಕ್ತಿಗೆ ಇರಲಿಲ್ಲವೇ? ಕಾಯಿಲೆ ಇದ್ದರೆ ಸಾಲದು. ಮಾತ್ರೆ ನುಂಗುತ್ತಿದ್ದರೆ ಸಾಲದು. ಹಿಂದಿನ ತಿಂಗಳು ಆಸ್ಪತ್ರೆಯಲ್ಲಿದ್ದರೂ ಸಾಲದು. ಆ ಗಳಿಗೆಯಲ್ಲಿ ತಿಳಿವು ಇರಲಿಲ್ಲ ಎಂದು ತೋರಿಸಬೇಕು, ತೋರಿಸುವ ಹೊರೆ ಆರೋಪಿಯದು. ವೈದ್ಯರ ಕಣ್ಣಿಗೆ ಕಾಯಿಲೆಯಾದದ್ದು ಕಾನೂನಿನ ಕಣ್ಣಿಗೆ ಮತಿವಿಕಲತೆ ಆಗಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಕರ್ನಾಟಕದಿಂದ ಹೋದ ಟಿ.ಎನ್. ಲಕ್ಷ್ಮಯ್ಯ ಪ್ರಕರಣದಲ್ಲಿ, ಕೃತ್ಯದ ಕ್ಷಣದಿಂದ ಸೆಷನ್ಸ್ ವಿಚಾರಣೆ ಶುರುವಾಗುವವರೆಗಿನ ಆರೋಪಿಯ ಇಡೀ ನಡವಳಿಕೆಯನ್ನು ನೋಡಿ ವಾದ ನಿಜವೋ ಆಮೇಲೆ ಹೊಳೆದದ್ದೋ ತೀರ್ಮಾನಿಸಬೇಕು ಎಂದಿತು. ಆರೋಪಿಯ ವಾದವನ್ನು ಒಪ್ಪಲಿಲ್ಲ.

ಇನ್ನೂ ಸ್ವಾರಸ್ಯದ್ದು ಗುಜರಾತಿನ ದಹ್ಯಾಭಾಯಿ ಠಕ್ಕರ್ ಪ್ರಕರಣ. ಹೆಂಡತಿಯನ್ನು ಕೊಂದ ಆರೋಪ, ದೇಹದ ಮೇಲೆ 44 ಗಾಯ. ಆರೋಪಿ ತನ್ನ ಮತಿವಿಕಲತೆಯನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ, ಇದ್ದಿರಬಹುದು ಎಂಬ ಕಡೆಗೆ ತಕ್ಕಡಿ ವಾಲಿದರೆ ಸಾಕು ಎಂಬ ಉದಾರ ಸೂತ್ರ ಹುಟ್ಟಿದ್ದು 1964ರ ಆ ತೀರ್ಪಿನಲ್ಲಿ. ಇವತ್ತಿಗೂ ಪ್ರತಿ ವಕೀಲರೂ ಅದನ್ನೇ ಉಲ್ಲೇಖಿಸುತ್ತಾರೆ. ಆದರೆ ಆ ಸೂತ್ರ ಹುಟ್ಟಿಸಿದ ಆರೋಪಿಗೇ ಅದು ಉಪಯೋಗಕ್ಕೆ ಬರಲಿಲ್ಲ. ಅವನ ಮೇಲ್ಮನವಿ ವಜಾ ಆಯಿತು.

ಈ ಇಕ್ಕಟ್ಟಾದ ಬಾಗಿಲನ್ನು ಕಟ್ಟಿದ್ದೂ ನಮ್ಮ ವಿರೋಧಿಗಳಂಥವರ ಸಿಟ್ಟೇ. 1843ರಲ್ಲಿ ಡೇನಿಯಲ್ ಮ್ಯಾಕ್‌ನಾಟನ್ ಎಂಬಾತ ಬ್ರಿಟಿಷ್ ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್‌ಗೆ ಗುಂಡು ಹೊಡೆದು ಕೊಂದ. ಮತಿವಿಕಲನೆಂದು ಖುಲಾಸೆಯಾದಾಗ ಇಂಗ್ಲೆಂಡಿನಲ್ಲಿ ದೊಡ್ಡ ಕೂಗೆದ್ದಿತು, ರಾಣಿ ವಿಕ್ಟೋರಿಯಾಗೂ ಅಸಮಾಧಾನ. ಆ ಕೂಗಿಗೆ ಉತ್ತರವಾಗಿ ನ್ಯಾಯಾಧೀಶರು ಬರೆದುಕೊಟ್ಟ ಬಿಗಿ ನಿಯಮದ ನೆರಳು 1860ರ ನಮ್ಮ ಸಂಹಿತೆಯ ಮೇಲೂ ಬಿತ್ತು. ನೂರಾ ಎಂಬತ್ತು ವರ್ಷದ ಹಿಂದೆಯೇ ಬಿಗಿ ಮಾಡಿದ ಕಾನೂನನ್ನು ಹಿಡಿದು "ಸಡಿಲವಾಯಿತು" ಎನ್ನುವುದು ಸರಿಯಲ್ಲ.

"ಖುಲಾಸೆಯಾದವರು ಮಾರನೇ ದಿನ ಮನೆಗೆ ಬರುತ್ತಾರೆ." ಇದು ಸಿನಿಮಾ ನೋಡಿ ಬಂದ ನಂಬಿಕೆ. ಹಾಗೆ ಖುಲಾಸೆಯಾದ ಮ್ಯಾಕ್‌ನಾಟನ್ ಮನೆಗೆ ಹೋಗಲಿಲ್ಲ. ಬೆಥ್ಲೆಮ್ ಆಸ್ಪತ್ರೆ, ಅಲ್ಲಿಂದ ಬ್ರಾಡ್‌ಮೂರ್, 1865ರಲ್ಲಿ ಅಲ್ಲೇ ಸಾವು. ನಮ್ಮ ಕಾನೂನಿನಲ್ಲೂ ಸಾಮಾನ್ಯ ಖುಲಾಸೆ ಬೇರೆ, ಈ ಖುಲಾಸೆ ಬೇರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಇಂಥ ವ್ಯಕ್ತಿಯನ್ನು ಸುರಕ್ಷಿತ ಜಾಗದಲ್ಲಿ ಇರಿಸಲು ಕೋರ್ಟ್ ಆದೇಶಿಸಬೇಕು. ಇಲ್ಲವೇ ಸಂಬಂಧಿಕರೋ ಸ್ನೇಹಿತರೋ ಅರ್ಜಿ ಹಾಕಿ, ಭದ್ರತೆ ಕೊಟ್ಟು, ಇವರಿಂದ ಇವರಿಗೂ ಇತರರಿಗೂ ಹಾನಿಯಾಗದಂತೆ ನೋಡಿಕೊಳ್ಳುತ್ತೇವೆಂದು ಹೊಣೆ ಹೊತ್ತರೆ ಅವರ ವಶಕ್ಕೆ ಕೊಡಬಹುದು. ಎರಡನೆಯದನ್ನು ಓದಿ "ನೋಡಿ, ಮನೆಗೆ ಕಳಿಸಬಹುದಲ್ಲ" ಎನ್ನಬೇಡಿ. ಇದು ಕುಟುಂಬದೊಳಗಿನ ಕೊಲೆ. ಹೊಣೆ ಹೊರಬೇಕಾದವರು ಯಾರು? ಅಮ್ಮನನ್ನು ಕಳೆದುಕೊಂಡ ಮಗಳೇ? ಮಗನನ್ನು ಕಳೆದುಕೊಂಡ ಅತ್ತೆಯೇ? ಬೇರೆ ಯಾವ ಕೊಲೆಯಲ್ಲಾದರೂ ಅಪ್ಪ ಅಮ್ಮ ಬಂದು ಸಹಿ ಹಾಕಿಯಾರು. ಇಲ್ಲಿ ಬರುವವರೇ ಇರುವುದಿಲ್ಲ.

ಬರುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಿಹಾರದ ರುದುಲ್ ಸಾಹ್ ಕಥೆ ಇದೆ. ಹೆಂಡತಿಯನ್ನು ಕೊಂದ ಆರೋಪದ ಮೇಲೆ 1953ರಲ್ಲಿ ಬಂಧನ. 1968ರ ಜೂನ್‌ನಲ್ಲಿ ಸೆಷನ್ಸ್ ಕೋರ್ಟ್ ಖುಲಾಸೆ ಮಾಡಿತು. ಬಿಡುಗಡೆ ಆದದ್ದು 1982ರ ಅಕ್ಟೋಬರ್‌ನಲ್ಲಿ. ನಡುವಿನ ಹದಿನಾಲ್ಕು ವರ್ಷಕ್ಕೆ ಸರ್ಕಾರ ಕೊಟ್ಟ ಕಾರಣ: ಆತನ ಮತಿ ಸರಿಯಿರಲಿಲ್ಲ. ಸುಪ್ರೀಂ ಕೋರ್ಟ್ 1983ರಲ್ಲಿ ಸರ್ಕಾರಕ್ಕೆ ಛೀಮಾರಿ ಹಾಕಿ ಪರಿಹಾರ ಕೊಡಿಸಿತು, ಒಟ್ಟು 35 ಸಾವಿರ ರೂಪಾಯಿ. ಅಸ್ಸಾಮಿನ ಮಚಲ್ ಲಾಲುಂಗ್ ವಿಚಾರಣೆಯೇ ಇಲ್ಲದೆ 54 ವರ್ಷ ಒಳಗಿದ್ದು 2005ರಲ್ಲಿ ಹೊರಬಂದರು. ಹುಚ್ಚು ಎಂಬ ಮುದ್ರೆ ನಮ್ಮಲ್ಲಿ ಜನರನ್ನು ಹೊರಗೆ ಬಿಟ್ಟದ್ದಕ್ಕಿಂತ ಒಳಗೆ ಮರೆತದ್ದೇ ಹೆಚ್ಚು ಎಂಬುದು ನನ್ನ ಅನಿಸಿಕೆ. ಜೀವಾವಧಿ ಶಿಕ್ಷೆಗೆ ಕ್ಷಮಾಪಣೆಯ ಲೆಕ್ಕವಾದರೂ ಉಂಟು.

ಇನ್ನು ಟಿವಿ ಚರ್ಚೆಗಳ ಪ್ರಿಯ ವಾದ: "ನಿಮ್ಹಾನ್ಸ್ ವೈದ್ಯರು ಪರೀಕ್ಷೆ ಮಾಡಿ ಆರೋಗ್ಯವಾಗಿದ್ದಾರೆ ಎಂದರು, ನಾಟಕ ಬಯಲಾಯಿತು." ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಕಲಸಿಬಿಟ್ಟಿದ್ದಾರೆ. ಈಗ ಕಟಕಟೆಯಲ್ಲಿ ನಿಂತು ತನ್ನ ಮೇಲಿನ ಆರೋಪ ಅರ್ಥ ಮಾಡಿಕೊಂಡು ವಕೀಲರೊಡನೆ ಮಾತಾಡಲು ಶಕ್ತರೇ ಎಂಬುದು ಒಂದು ಪ್ರಶ್ನೆ. ಅದು ವಿಚಾರಣೆ ನಡೆಸಬಹುದೋ ಮುಂದೂಡಬೇಕೋ ಎಂಬುದಕ್ಕೆ ಸಂಬಂಧಿಸಿದ್ದು. ಆ ದಿನ, ಆ ಹೊತ್ತಿನಲ್ಲಿ ಮನಸ್ಸು ಹೇಗಿತ್ತು ಎಂಬುದು ಇನ್ನೊಂದು. ಜೈಲಿನಲ್ಲಿ ನಾಲ್ಕು ತಿಂಗಳು ಔಷಧ ಕೊಟ್ಟ ಮೇಲೆ ಒಬ್ಬ ವ್ಯಕ್ತಿ ನೆಟ್ಟಗೆ ಮಾತಾಡಿದರೆ ಅದರಿಂದ ತಿಳಿಯುವುದು ಔಷಧ ಕೆಲಸ ಮಾಡಿತು ಎಂದಷ್ಟೇ. ಇವತ್ತು ಜ್ವರವಿಲ್ಲ ಎಂದ ಮಾತ್ರಕ್ಕೆ ಹೋದ ತಿಂಗಳೂ ಜ್ವರವಿರಲಿಲ್ಲ ಎಂದು ಯಾವ ವೈದ್ಯರೂ ಬರೆದುಕೊಡುವುದಿಲ್ಲ.

ನಟಿಸುವುದು ಸುಲಭವಂತೆ. ಹದಿನೈದು ನಿಮಿಷ ನಟಿಸುವುದು ಸುಲಭವೇ. ಕೋರ್ಟ್ ಕಳಿಸಿದ ಆರೋಪಿಯನ್ನು ವಾರ್ಡಿನಲ್ಲಿ ದಿನಗಟ್ಟಲೆ ಇಟ್ಟು ನೋಡುತ್ತಾರೆ. ನೋಡುವವರು ಮನೋವೈದ್ಯರಷ್ಟೇ ಅಲ್ಲ. ರಾತ್ರಿ ಪಾಳಿಯ ನರ್ಸ್, ಮನಶ್ಶಾಸ್ತ್ರಜ್ಞರು, ಊಟ ಹಂಚುವ ಸಿಬ್ಬಂದಿ. ನಿದ್ದೆ ಹೇಗೆ, ಯಾರೂ ನೋಡದಾಗ ನಡವಳಿಕೆ ಹೇಗೆ, ಹೇಳುವ ಲಕ್ಷಣಗಳು ಒಂದಕ್ಕೊಂದು ಕೂಡುತ್ತವೆಯೇ. ನಟಿಸುವವರು ಸಾಮಾನ್ಯವಾಗಿ ಅತಿ ಮಾಡುತ್ತಾರೆ, ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾರೆ. ನಿಜವಾದ ರೋಗಿ ಎಷ್ಟೋ ಸಲ ಇದಕ್ಕೆ ಉಲ್ಟಾ. "ನನಗೇನೂ ಆಗಿಲ್ಲ, ಅವಳು ನಿಜವಾಗಿಯೂ ನನ್ನ ಅನ್ನಕ್ಕೆ ವಿಷ ಹಾಕುತ್ತಿದ್ದಳು" ಎಂದು ಕೊನೆಯವರೆಗೂ ಹಟ ಹಿಡಿಯುತ್ತಾನೆ. ತನ್ನನ್ನು ಉಳಿಸಲು ಬಂದ ವಕೀಲರ ಮೇಲೇ ರೇಗುತ್ತಾನೆ. ತನಗೆ ಕಾಯಿಲೆ ಇದೆ ಎಂಬ ಅರಿವು ಹೋಗುವುದೇ ಈ ಕಾಯಿಲೆಯ ಒಂದು ಲಕ್ಷಣ.

ಈಗ ಐಟಿ ಸೀಮೆಯ ಖಾಸಾ ವಾದಕ್ಕೆ ಬರೋಣ, ಇದು ಸ್ವಲ್ಪ ನಿಂತು ಉತ್ತರಿಸಬೇಕಾದದ್ದು. "ಅವನು ದಿನಾ ಆಫೀಸಿಗೆ ಹೋಗುತ್ತಿದ್ದ. ಕೋಡ್ ಬರೆಯುತ್ತಿದ್ದ. ಗೃಹಸಾಲದ ಕಂತು ಸರಿಯಾಗಿ ಕಟ್ಟುತ್ತಿದ್ದ. ಅವನು ಹೇಗೆ ಹುಚ್ಚ?" ಹುಚ್ಚು ಎಂದರೆ ಹರಿದ ಬಟ್ಟೆ, ಕೆದರಿದ ಕೂದಲು, ಬೀದಿಯಲ್ಲಿ ಕಲ್ಲು ತೂರುವುದು ಎಂಬ ಚಿತ್ರ ತಲೆಯಲ್ಲಿ ಕೂತಿರುವವರೆಗೆ ಈ ಪ್ರಶ್ನೆ ನ್ಯಾಯವಾಗಿಯೇ ಕಾಣುತ್ತದೆ. ಸಂಶಯಭ್ರಮೆಯ ಸ್ಕಿಜೋಫ್ರೇನಿಯಾದಲ್ಲಿ, ಭ್ರಮಾವಿಕಾರದಲ್ಲಿ ಹಾಗಾಗಲೇಬೇಕೆಂದಿಲ್ಲ. ಎಷ್ಟೋ ಸಲ ಲೆಕ್ಕ ತಪ್ಪುವುದಿಲ್ಲ, ನೆನಪು ಹೋಗುವುದಿಲ್ಲ, ಭಾಷೆ ಕೆಡುವುದಿಲ್ಲ. ಒಂದೇ ಒಂದು ನಂಬಿಕೆ ಕೆಟ್ಟಿರುತ್ತದೆ, ಉಳಿದ ಬುದ್ಧಿಯೆಲ್ಲ ಆ ನಂಬಿಕೆಯ ಚಾಕರಿಗೆ ನಿಲ್ಲುತ್ತದೆ. ಹೆಂಡತಿಗೆ ಬೇರೆಯವರ ಸಂಗ ಇದೆ. ಅಪ್ಪ ತನ್ನ ಫೋನಿಗೆ ಏನನ್ನೋ ಸೇರಿಸಿದ್ದಾನೆ. ಮನೆಯಲ್ಲಿರುವ ಈ ಹೆಂಗಸು ತನ್ನ ತಾಯಿಯಲ್ಲ, ತಾಯಿಯ ರೂಪದಲ್ಲಿ ಬಂದಿರುವ ಬೇರೆ ಯಾರೋ. ಇವು ಪಠ್ಯಪುಸ್ತಕದಲ್ಲಿರುವ ಭ್ರಮೆಗಳು, ನಾನು ಕಟ್ಟಿದವಲ್ಲ. ಇವುಗಳ ಗುರಿ ಬಹುಪಾಲು ಮನೆಯವರೇ ಆಗಿರುವುದಕ್ಕೆ ಕಾರಣ ಸರಳ: ಅನ್ನ ಬಡಿಸುವವರು ಅವರು, ಪಕ್ಕದಲ್ಲಿ ಮಲಗುವವರು ಅವರು, ಮಾತ್ರೆ ನುಂಗು ಎಂದು ಕಾಡುವವರೂ ಅವರು.

ಇದಕ್ಕೆ ಬೆಂಗಳೂರಿನ ಹೊರವಲಯದ ಬದುಕು ಕೊಡುವ ಮರೆ ಬೇರೆ. ಬೆಳಿಗ್ಗೆ ಹತ್ತಕ್ಕೆ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್, ಮೈಕ್ ಮ್ಯೂಟ್. ಕೊಟ್ಟ ಕೆಲಸ ಹೊತ್ತಿಗೆ ಮುಗಿಸಿದರೆ ಮ್ಯಾನೇಜರಿಗೆ ಬೇರೇನೂ ಬೇಕಿಲ್ಲ. ಹಳ್ಳಿಯಲ್ಲಾಗಿದ್ದರೆ ಮಗ ಮೂರು ದಿನ ಊಟ ಬಿಟ್ಟರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಇಲ್ಲಿ ಹದಿನಾಲ್ಕನೇ ಮಹಡಿಯಲ್ಲಿ ಒಬ್ಬ ಗಂಡ ಹೆಂಡತಿ ಮಾಡಿದ ಕಾಫಿಯನ್ನು ವರ್ಷವಿಡೀ ಸಿಂಕಿಗೆ ಸುರಿದರೂ ಎದುರು ಫ್ಲಾಟಿನವರಿಗೆ ತಿಳಿಯುವುದಿಲ್ಲ. "ಚೆನ್ನಾಗಿಯೇ ಇದ್ದ" ಎಂದು ಟಿವಿಗೆ ಹೇಳಿಕೆ ಕೊಡುವವರು ಆತನನ್ನು ನೋಡಿದ್ದು ಲಿಫ್ಟಿನಲ್ಲಿ.

ಕೆಲಸಕ್ಕೆ ಹೋಗುತ್ತಿದ್ದವನು ಮತಿವಿಕಲನಾಗಿರಲಾರ ಎಂಬುದನ್ನು ನ್ಯಾಯಾಲಯವೂ ಒಪ್ಪಿಲ್ಲ. ಮಹಾರಾಷ್ಟ್ರದ ಶ್ರೀಕಾಂತ್ ಭೋಸಲೆ ಪೊಲೀಸ್ ಕಾನ್‌ಸ್ಟೆಬಲ್. 1994ರಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಡತಿಯ ತಲೆಯ ಮೇಲೆ ರುಬ್ಬುವ ಕಲ್ಲು ಎತ್ತಿಹಾಕಿ ಕೊಂದ. ಸೆಷನ್ಸ್ ಕೋರ್ಟಿನಲ್ಲೂ ಹೈಕೋರ್ಟಿನಲ್ಲೂ ಶಿಕ್ಷೆ. 2002ರಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಖುಲಾಸೆ ಮಾಡಿತು. ಯಾವುದರ ಮೇಲೆ? ಅವನ ತಂದೆಗೂ ಮನೋರೋಗವಿತ್ತು. ಇವನಿಗೆ 1992ರಿಂದ ಚಿಕಿತ್ಸೆ ನಡೆದಿತ್ತು. ಕೃತ್ಯದ ಬಳಿಕ ಕೆಲವೇ ತಿಂಗಳಲ್ಲಿ 25 ಸಲ ಆಸ್ಪತ್ರೆಗೆ ಕರೆದೊಯ್ದಿದ್ದರು. ಕೊಲ್ಲುವಂಥ ಕಾರಣವೇ ಇರಲಿಲ್ಲ. ಕೆಲಸಕ್ಕೆ ರಾಜೀನಾಮೆ ಕೊಡಬೇಡ ಎಂದದ್ದೇ ಹೆಂಡತಿಯ ತಪ್ಪು. ಹಾಡಹಗಲೇ ಮಾಡಿದ, ಓಡಲಿಲ್ಲ, ಮುಚ್ಚಿಡಲಿಲ್ಲ. ಒಂದೊಂದಾಗಿ ನೋಡಿದರೆ ಇವು ಯಾವುವೂ ಸಾಲವು, ಕೂಡಿಸಿದರೆ ಸಾಕು ಎಂದಿತು ನ್ಯಾಯಾಲಯ. ಗಮನಿಸಬೇಕಾದದ್ದು, ಇದರಲ್ಲಿ ಅರ್ಧಕ್ಕರ್ಧ ಆಸ್ಪತ್ರೆಯ ಕಾಗದ. ಈ ಮಾತಿಗೆ ಮತ್ತೆ ಬರಬೇಕಾಗುತ್ತದೆ.

"ಹೀಗೇ ಬಿಟ್ಟರೆ ನಾಳೆ ಕುಡಿದು ಕೊಂದವನು, ಸಿಟ್ಟಿನಲ್ಲಿ ಕೊಂದವನು, ಸಾಲದ ಒತ್ತಡ, ಲೇಆಫ್ ಒತ್ತಡ ಎನ್ನುವವನು ಎಲ್ಲರೂ ಇದೇ ಸಾಲಿನಲ್ಲಿ ನಿಲ್ಲುತ್ತಾರೆ." ನಿಲ್ಲಬಹುದು, ಒಳಗೆ ಬಿಡುವುದಿಲ್ಲ. ತಾನಾಗಿ ಕುಡಿದ ಅಮಲು ರಕ್ಷಣೆಯಲ್ಲ; ತಿಳಿಯದಂತೆಯೋ ಬಲವಂತವಾಗಿಯೋ ಕುಡಿಸಿದ್ದರೆ ಮಾತ್ರ ಬೇರೆ ಕಲಂ ಇದೆ. ಕೋಪ ತಡೆಯಲಾಗಲಿಲ್ಲ ಎಂಬುದು ಮತಿವಿಕಲತೆಯ ವಾದವಲ್ಲ. ಇಲ್ಲಿ ನಾನು ವಿರೋಧಿಗಳಿಗಿಂತಲೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಮನೆಯೊಳಗಿನ ಕೊಲೆಗಳಲ್ಲಿ ಬಹುಪಾಲಿಗೆ ಮನೋರೋಗದ ಸಂಬಂಧವೇ ಇಲ್ಲ. ವರದಕ್ಷಿಣೆ, ಆಸ್ತಿ, ಹೆಂಡತಿ ತನ್ನ ಸೊತ್ತು ಎಂಬ ಗಂಡಸಿನ ಅಹಂಕಾರ, ವರ್ಷಗಟ್ಟಲೆ ನಡೆದು ಬಂದ ಹೊಡೆತ. ಇವನ್ನು "ಪಾಪ, ಡಿಪ್ರೆಷನ್ ಇತ್ತಂತೆ" ಎಂದು ತೇಲಿಸುವ ಸುದ್ದಿವಾಹಿನಿಗಳ ಮೇಲೆ ನನಗೂ ಸಿಟ್ಟಿದೆ. ಮನೋರೋಗಿಗಳಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಎತ್ತುವವರಲ್ಲ. ನಿಜವಾದ ವಾದವನ್ನು ಕಾಪಾಡಬೇಕಾದರೆ ಸುಳ್ಳು ವಾದವನ್ನು ಕೋರ್ಟು ಕಟ್ಟುನಿಟ್ಟಾಗಿ ತಳ್ಳಿಹಾಕಬೇಕು. ಅದಕ್ಕೆ ನನ್ನ ಪೂರ್ಣ ಸಮ್ಮತಿ.

"ಸತ್ತವರಿಗೆ ನ್ಯಾಯ ಯಾವಾಗ?" ಎಲ್ಲಕ್ಕಿಂತ ತೂಕದ ಪ್ರಶ್ನೆ ಇದು. ಈ ಖುಲಾಸೆಯಿಂದ ಕೊಲೆಯೇ ನಡೆದಿಲ್ಲ ಎಂದಾಗುತ್ತದೆ ಎಂದು ಜನ ತಿಳಿದಿದ್ದಾರೆ. ಕಾನೂನು ಹಾಗಿಲ್ಲ. ಮತಿವಿಕಲತೆಯ ಮೇಲೆ ಖುಲಾಸೆ ಮಾಡುವಾಗ, ಆ ಕೃತ್ಯವನ್ನು ಆ ವ್ಯಕ್ತಿ ಮಾಡಿದ್ದಾನೋ ಇಲ್ಲವೋ ಎಂದು ನ್ಯಾಯಾಧೀಶರು ಸ್ಪಷ್ಟವಾಗಿ ಬರೆಯಲೇಬೇಕು. ಅಂದರೆ ಯಾರ ಕೈಯಿಂದ ಸಾವು ಬಂತು ಎಂಬುದು ತೀರ್ಪಿನಲ್ಲಿ ದಾಖಲಾಗುತ್ತದೆ. ಸಾಕ್ಷಿ ಸಾಲದೆ ಬಿಟ್ಟ ಖುಲಾಸೆಯಲ್ಲಿ ಸತ್ತವರ ಕಡೆಯವರಿಗೆ ಈ ಉತ್ತರವೂ ಸಿಗುವುದಿಲ್ಲ.

ಮತ್ತೆ, ಸತ್ತವರ ಕಡೆಯವರು ಎಂದರೆ ಯಾರು? ಬೀದಿ ಜಗಳದ ಕೊಲೆಯಲ್ಲಿ ಎರಡು ಕುಟುಂಬ, ಎರಡು ಬೆಂಚು. ಮಗ ತಾಯಿಯನ್ನು ಕೊಂದ ಪ್ರಕರಣದಲ್ಲಿ ತಂದೆ ಯಾವ ಬೆಂಚಿನಲ್ಲಿ ಕೂರಬೇಕು? ಮೊದಲ ಸಾಕ್ಷಿಯೂ ಅವನೇ, ಜೈಲಿಗೆ ಬಟ್ಟೆ ಕೊಂಡೊಯ್ಯಬೇಕಾದವನೂ ಅವನೇ. ಮಗನ ಕಾಯಿಲೆ ಗೊತ್ತಿದ್ದವನೂ ಅವನೊಬ್ಬನೇ, "ಡಾಕ್ಟರಿಗೆ ತೋರಿಸಿದ್ದಿರಾ? ಯಾಕೆ ನಿಲ್ಲಿಸಿದಿರಿ?" ಎಂಬ ಪಾಟೀ ಸವಾಲಿಗೆ ಉತ್ತರ ಕೊಡಬೇಕಾದವನೂ ಅವನೇ. ಹೊರಗಿನವರಾದ ನಾವು ನೇಣು ಬೇಕು ಎಂದು ಕೂಗುವಾಗ ಯಾರ ಪರವಾಗಿ ಕೂಗುತ್ತಿದ್ದೇವೆ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಹೆತ್ತ ತಾಯಿಯೇ ಮಗುವನ್ನು ಕೊಂದಳು ಎಂದಾಗ ಕೂಗು ಇನ್ನೂ ಜೋರು. ಬಾಣಂತಿ ಸನ್ನಿ ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಕಾಯಿಲೆ. ಸಾವಿರ ಹೆರಿಗೆಗೆ ಒಂದೆರಡರಲ್ಲಿ ಬರುತ್ತದೆ, ಹೆರಿಗೆಯಾದ ದಿನಗಳಲ್ಲೇ ಧಿಡೀರನೆ ಏರುತ್ತದೆ, ತಡಮಾಡದೆ ಚಿಕಿತ್ಸೆ ಕೊಟ್ಟರೆ ವಾಸಿಯಾಗುತ್ತದೆ. ನಿಮ್ಹಾನ್ಸಿನಲ್ಲಿ 2009ರಿಂದ ಇಂಥ ತಾಯಂದಿರನ್ನು ಮಗುವಿನ ಸಮೇತ ದಾಖಲಿಸಿಕೊಳ್ಳುವ ವಿಶೇಷ ಘಟಕವೇ ಇದೆ. ಇಂಗ್ಲೆಂಡ್ 1922ರಲ್ಲೇ, ಮತ್ತೆ 1938ರಲ್ಲಿ, ಹೆರಿಗೆಯ ಪರಿಣಾಮದಿಂದ ಮನಸ್ಸಿನ ಸಮತೋಲ ಕಳೆದುಕೊಂಡು ತನ್ನ ಕೂಸನ್ನು ಕೊಂದ ತಾಯಿಗೆ ಕೊಲೆಗಿಂತ ಕಡಿಮೆ ದರ್ಜೆಯ ಅಪರಾಧವೆಂಬ ಪ್ರತ್ಯೇಕ ಕಾನೂನು ಮಾಡಿತು. ನಮ್ಮಲ್ಲಿ ಅಂಥದ್ದಿಲ್ಲ, ಅವಳೂ ಅದೇ ಇಕ್ಕಟ್ಟಾದ ಬಾಗಿಲಲ್ಲೇ ನುಸುಳಬೇಕು. ಟೆಕ್ಸಾಸಿನ ಆಂಡ್ರಿಯಾ ಯೇಟ್ಸ್ 2001ರಲ್ಲಿ ತನ್ನ ಐದು ಮಕ್ಕಳನ್ನು ನೀರಿನಲ್ಲಿ ಮುಳುಗಿಸಿ ಕೊಂದಳು. ಹಿಂದಿನ ಹೆರಿಗೆಯ ನಂತರವೂ ಆಸ್ಪತ್ರೆ ಸೇರಿದ್ದ ದಾಖಲೆ ಕಣ್ಣೆದುರಿಗಿತ್ತು. ಆದರೂ 2002ರಲ್ಲಿ ಜ್ಯೂರಿ ಅಪರಾಧಿ ಎಂದಿತು. ಮರುವಿಚಾರಣೆ ನಡೆದು ಮತಿವಿಕಲತೆಯ ತೀರ್ಪು ಬರಲು 2006 ಆಯಿತು. ಅಂದಿನಿಂದ ಆಕೆ ಇರುವುದು ಸರ್ಕಾರಿ ಮನೋರೋಗಾಸ್ಪತ್ರೆಯಲ್ಲಿ. ಬಾಣಂತನಕ್ಕೆ ತವರಿಗೆ ಹೋಗದೆ, ತಾಯಿ ಬರಲಾಗದೆ, ಸರ್ಜಾಪುರ ರಸ್ತೆಯ ಫ್ಲಾಟಿನಲ್ಲಿ ಹಸುಗೂಸಿನೊಡನೆ ಒಬ್ಬಳೇ ಇರುವ ಹುಡುಗಿ ನಾಲ್ಕು ರಾತ್ರಿ ನಿದ್ದೆ ಮಾಡದಿದ್ದರೆ ಗಮನಿಸುವವರು ಯಾರು? ಆ ಪ್ರಶ್ನೆ ಮಗು ಸತ್ತ ಮೇಲೆ ಏಳುತ್ತದೆ, ಮೊದಲು ಏಳುವುದಿಲ್ಲ.

ಇನ್ನು ನಾನು ಅರ್ಧ ಒಪ್ಪುವ ವಾದ. "ಇದೆಲ್ಲ ದುಡ್ಡಿದ್ದವರ ಉಪಾಯ." ಹೌದು, ದುಡ್ಡಿದ್ದವರಿಗೆ ಈ ವಾದ ಮಾಡಲು ಅನುಕೂಲವಿದೆ. ಆದರೆ ಅದಕ್ಕೆ ಕಾರಣ ಅವರು ಕೊಂಡುಕೊಳ್ಳುವ ಸುಳ್ಳು ಸರ್ಟಿಫಿಕೇಟಲ್ಲ. ಅವರ ಬಳಿ ಫೈಲು ಇರುತ್ತದೆ. 102 ತೀರ್ಪುಗಳ ಆ ಅಧ್ಯಯನದಲ್ಲೂ ವಾದ ಗೆಲ್ಲಿಸಿದ್ದು ಮುಖ್ಯವಾಗಿ ಎರಡು: ಕೃತ್ಯಕ್ಕೆ ಮೊದಲಿನ ಚಿಕಿತ್ಸೆಯ ದಾಖಲೆ, ಮನೋವೈದ್ಯರ ಅಭಿಪ್ರಾಯ. ಕಾರ್ಪೊರೇಟ್ ಆಸ್ಪತ್ರೆಗೆ ಹೋದವರ ಪ್ರತಿ ಭೇಟಿಯೂ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಪೀಣ್ಯದ ಪವರ್ ಪ್ರೆಸ್ ಮೇಲೆ ಕೆಲಸ ಮಾಡುವವನಿಗೆ, ಬೊಮ್ಮಸಂದ್ರದ ಶೆಡ್ಡಿನಲ್ಲಿ ಮಲಗುವವನಿಗೆ ಏನು ಉಳಿಯುತ್ತದೆ? ಮೊದಲು ದೇವರ ಕೇಳಿದ್ದಾಯಿತು, ತಾಯಿತ ಕಟ್ಟಿಸಿದ್ದಾಯಿತು, ಆಮೇಲೆ ಬೀದಿಯ ಕ್ಲಿನಿಕ್ಕಿನಲ್ಲಿ ನಿದ್ದೆ ಮಾತ್ರೆ. ಚೀಟಿ ಮಳೆಗೆ ನೆನೆದು ಹೋಯಿತು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಕಾಯಿಲೆಗೆ ಅನುಗುಣವಾಗಿ ನೂರರಲ್ಲಿ 70ರಿಂದ 92 ರೋಗಿಗಳು ಚಿಕಿತ್ಸೆಯಿಂದ ಹೊರಗಿದ್ದಾರೆ. ಚಿಕಿತ್ಸೆಯೇ ಇಲ್ಲದ ಕಡೆ ದಾಖಲೆ ಎಲ್ಲಿಂದ ಬರಬೇಕು?

ಅವನು ರಾಯಚೂರಿನಿಂದಲೋ ಒಡಿಶಾದಿಂದಲೋ ಬಂದವನಾಗಿದ್ದರೆ ಇನ್ನೂ ಕಷ್ಟ. ಹದಿನೆಂಟನೇ ವಯಸ್ಸಿನಲ್ಲಿ ಅವನಿಗೆ ಏನಾಗಿತ್ತು ಎಂದು ಹೇಳಬಲ್ಲ ಚಿಕ್ಕಪ್ಪ ಊರಿನಲ್ಲಿದ್ದಾನೆ. ಆನೇಕಲ್ ಕೋರ್ಟಿಗೆ ಬಂದು ಸಾಕ್ಷಿ ಹೇಳಲು ಅವನಿಗೆ ರೈಲಿನ ಟಿಕೆಟ್ಟಿಗೂ ದುಡ್ಡಿಲ್ಲ, ಕೋರ್ಟಿನ ಭಾಷೆಯೂ ಬಾರದು. ಕಾನೂನು ನೆರವಿನ ವಕೀಲರ ಕೈಗೆ ಬರುವುದು ದೋಷಾರೋಪ ಪಟ್ಟಿ ಒಂದೇ. ಅದರಲ್ಲಿ ಬರೆದಿರುತ್ತದೆ: "ಶೀಲದ ಮೇಲೆ ಸಂಶಯಪಟ್ಟು ಕೊಲೆ." ಆ ಸಂಶಯವೇ ರೋಗವಿದ್ದಿರಬಹುದು ಎಂದು ಯಾರೂ ಕೇಳುವುದಿಲ್ಲ; ಪೊಲೀಸರಿಗೆ ಅದು ಸಿದ್ಧವಾಗಿ ಸಿಕ್ಕ ಉದ್ದೇಶ.

ಇಂಥವರು ಕೊನೆಗೆ ಎಲ್ಲಿರುತ್ತಾರೆ ಎಂಬುದೂ ತಿಳಿಯದ ವಿಷಯವಲ್ಲ. ನಿಮ್ಹಾನ್ಸಿನಿಂದ ಹೊಸೂರು ರಸ್ತೆ ಹಿಡಿದು ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವಾಗ ಎಡಕ್ಕೆ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದ ದಾರಿ. ನಿಮ್ಹಾನ್ಸಿನ ತಜ್ಞರು ಆ ಜೈಲಿನ 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟರು. 4,002 ಜನರಲ್ಲಿ ಮನೋರೋಗವೋ ವ್ಯಸನವೋ ಗುರುತಿಸುವಷ್ಟಿತ್ತು. ವ್ಯಸನ ಬಿಟ್ಟು ಲೆಕ್ಕ ಹಾಕಿದರೂ 1,389. ಇವರೆಲ್ಲ ಕೊಲೆಗಾರರೂ ಅಲ್ಲ, ಇವರೆಲ್ಲರಿಗೂ 84ನೇ ಕಲಂ ಅನ್ವಯಿಸುವುದೂ ಇಲ್ಲ. ಆದರೆ ಮನೋರೋಗದ ಹೆಸರಿನಲ್ಲಿ ಅಪರಾಧಿಗಳು ಹೊರಗೆ ಓಡಾಡುತ್ತಿದ್ದಾರೆ ಎಂದು ಅಂಜುವವರು ಈ ಅಂಕಿಯನ್ನು ಎದುರಿಗಿಟ್ಟುಕೊಂಡು ಮಾತಾಡಲಿ.

ಹಾಗಾಗಿ ದುಡ್ಡಿದ್ದವರ ಉಪಾಯ ಎನ್ನುವವರ ರೋಗನಿದಾನ ಸರಿ, ಅವರು ಬರೆಯುವ ಔಷಧ ತಪ್ಪು. ವಾದವನ್ನೇ ಕಿತ್ತುಹಾಕಿದರೆ ದುಡ್ಡಿದ್ದವರಿಗೆ ಇನ್ನೂ ಹತ್ತು ದಾರಿ ಇದೆ; ಇಲ್ಲದವನಿಗೆ ಇದ್ದದ್ದೊಂದು ಮುಚ್ಚುತ್ತದೆ. ಬೇಕಾದದ್ದು ಬೇರೆ. ಬಂಧಿತರ ವೈದ್ಯಕೀಯ ಪರೀಕ್ಷೆ ಈಗಲೂ ಕಡ್ಡಾಯ; ಮನೆಯವರನ್ನೇ ಕೊಂದ ಆರೋಪದ ಪ್ರತಿ ಪ್ರಕರಣದಲ್ಲೂ ಅದರೊಳಗೆ ಮನೋವೈದ್ಯರ ಪರೀಕ್ಷೆ ಸೇರಲಿ, ತಿಂಗಳುಗಳ ನಂತರವಲ್ಲ, ಮೊದಲ ದಿನಗಳಲ್ಲೇ. ಇದು ನನ್ನ ಸ್ವಂತ ಕಲ್ಪನೆಯಲ್ಲ. ಆರೋಪಿಗೆ ಹಿಂದೆ ಮನೋರೋಗವಿತ್ತೆಂದು ತನಿಖೆಯಲ್ಲಿ ತಿಳಿದರೆ ಪರೀಕ್ಷೆ ಮಾಡಿಸಿ ವರದಿಯನ್ನು ಕೋರ್ಟಿನ ಮುಂದಿಡುವುದು ಪ್ರಾಮಾಣಿಕ ತನಿಖಾಧಿಕಾರಿಯ ಕರ್ತವ್ಯ, ಮಾಡದಿದ್ದರೆ ಸಂಶಯದ ಲಾಭ ಆರೋಪಿಗೆ ಎಂದು ಸುಪ್ರೀಂ ಕೋರ್ಟ್ 2007ರ ಬಾಪು ಗಜರಾಜ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ನಟಿಸುವವರನ್ನು ಹಿಡಿಯಲೂ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ವಾದವನ್ನು ವಿರೋಧಿಸುವವರೂ ನನ್ನ ಜೊತೆ ಸೇರಿ ಇದನ್ನು ಕೇಳಬಹುದು.

ಓದುಗರಲ್ಲಿ ಯಾರ ಮನೆಯಲ್ಲಾದರೂ ಇಂಥ ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ಆಸ್ಪತ್ರೆಯ ಪ್ರತಿ ಚೀಟಿಯನ್ನೂ ಎತ್ತಿಡಿ. ಕಾರ್ಖಾನೆಯವರಾದರೆ ಇಎಸ್‌ಐ ಕಾರ್ಡ್ ಹಿಡಿದು ಹೋಗಿ. ದೀರ್ಘ ಕಾಯಿಲೆಗೆ ಶೇಕಡ 80ರಷ್ಟು ವೇತನ ಕೊಡುವ ಇಎಸ್‌ಐ ಸೌಲಭ್ಯದ ಪಟ್ಟಿಯಲ್ಲಿ ಸ್ಕಿಜೋಫ್ರೇನಿಯಾದಂಥ ಮನೋರೋಗಗಳೂ ಇವೆ. ಎರಡು ವರ್ಷ ಬಿಡದೆ ಕೆಲಸ ಮಾಡಿರಬೇಕೆಂಬ ಷರತ್ತಿನಿಂದ ಗುತ್ತಿಗೆಯವರು ಹೊರಗುಳಿಯುತ್ತಾರೆ, ಅದನ್ನು ಬದಲಿಸಲು ಯೂನಿಯನ್ನುಗಳು ಹಿಡಿದು ಕೂರಬೇಕು. ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಅಷ್ಟು ದೂರವೂ ಹೋಗಲಾಗದವರಿಗೆ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸಹಾಯವಾಣಿಯ ಹೊಣೆ ನಿಮ್ಹಾನ್ಸಿನದು, ತಂತ್ರಜ್ಞಾನ ಎಲೆಕ್ಟ್ರಾನಿಕ್ ಸಿಟಿಯ ಐಐಐಟಿಯದು. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ಕರೆಗೆ ದುಡ್ಡಿಲ್ಲ. ಸಂಖ್ಯೆ 14416.